ಎಲ್ಲ ಯಂತ್ರಗಳೂ ಒಟ್ಟಿಗೇ ಕರೆದಾಗ

2025ರ ಡಿಸೆಂಬರ್ 20, ಶನಿವಾರ. ಸ್ಯಾನ್ ಫ್ರಾನ್ಸಿಸ್ಕೊ ನಗರದ ಒಂದು ವಿದ್ಯುತ್ ಉಪಕೇಂದ್ರದಲ್ಲಿ ಬೆಂಕಿ ಕಾಣಿಸಿಕೊಂಡು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟು ಹೋಯಿತು. ಬೀದಿಯ ಸಿಗ್ನಲ್ ದೀಪಗಳೂ ಆರಿದವು. ಆ ಊರಿನಲ್ಲಿ ಬಾಡಿಗೆಗೆ ಓಡುವ ವೇಮೊ ಕಂಪನಿಯ ಚಾಲಕರಿಲ್ಲದ ಕಾರುಗಳು ಕೂಡುರಸ್ತೆಗಳಲ್ಲಿ ನಿಂತುಬಿಟ್ಟವು. ಹಿಂದೆ ವಾಹನಗಳ ಸಾಲು ಬೆಳೆಯಿತು, ಕೊನೆಗೆ ಕಂಪನಿ ಸೇವೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತು. ದೀಪವಿಲ್ಲದ ಸಿಗ್ನಲ್ ದಾಟುವುದು ಆ ಕಾರುಗಳಿಗೆ ತಿಳಿಯದ ವಿದ್ಯೆಯೇನಲ್ಲ. ಆ ದಿನವೇ ಅಂಥ 7,000ಕ್ಕೂ ಹೆಚ್ಚು ಸಿಗ್ನಲ್‌ಗಳನ್ನು ಅವು ಸರಿಯಾಗಿ ದಾಟಿದವು ಎಂದು ಕಂಪನಿ ಆಮೇಲೆ ಹೇಳಿತು. ತೊಡಕು ಇದ್ದದ್ದು ಬೇರೆ ಕಡೆ. ಅನುಮಾನ ಬಂದಾಗ ಕಾರು ದೂರದ ಕಚೇರಿಯಲ್ಲಿ ಕುಳಿತ ಮನುಷ್ಯರನ್ನು ಕೇಳಿ ಖಚಿತಪಡಿಸಿಕೊಳ್ಳುತ್ತದೆ. ಬೇರೆ ದಿನಗಳಲ್ಲಿ ಅಲ್ಲೊಂದು ಇಲ್ಲೊಂದು ಬರುವ ಈ ಪ್ರಶ್ನೆ ಅಂದು ಊರಿನ ನಾನಾ ಮೂಲೆಗಳಿಂದ ಒಮ್ಮೆಲೇ ಬಂತು. ಉತ್ತರ ತಡವಾಯಿತು. ಉತ್ತರ ಬರುವವರೆಗೆ ಕಾರು ಅಲುಗಲಿಲ್ಲ.

ಯಂತ್ರಗಳ ಗುಂಪೊಂದನ್ನು ಕೆಲವೇ ಮನುಷ್ಯರ ಕಣ್ಗಾವಲಿಗೆ ಒಪ್ಪಿಸುವ ವ್ಯವಸ್ಥೆಗಳ ಮೂಲ ಪ್ರಶ್ನೆ ಈ ಘಟನೆಯಲ್ಲಿ ನಿಚ್ಚಳವಾಗಿ ಕಾಣುತ್ತದೆ. ಯಾವ ವಾಹನ ಎಲ್ಲಿಗೆ ಹೋಗಬೇಕು, ಯಾವ ಕೆಲಸ ಯಾವುದರ ಪಾಲಿಗೆ, ಯಾವ ದಾರಿ ಹಿಡಿಯಬೇಕು ಎಂಬ ಲೆಕ್ಕವನ್ನು 'ಪ್ಲ್ಯಾನರ್' ಎಂಬ ತಂತ್ರಾಂಶ ಹಾಕುತ್ತದೆ. ಮನುಷ್ಯ ಮೇಲ್ವಿಚಾರಣೆ ಮಾಡುತ್ತಾನೆ. ಔಷಧ ಒಯ್ಯುವ ಡ್ರೋನುಗಳು, ಕಡಲಾಳದ ಶೋಧಕಗಳು, ಗಡಿ ಕಾಯುವ ವಿಮಾನಗಳು, ಬಾಡಿಗೆ ಕಾರುಗಳು ಎಲ್ಲವೂ ಈ ಮಾದರಿಯತ್ತಲೇ ಸಾಗುತ್ತಿವೆ. ಹೂಡಿಕೆದಾರರೂ ಸೇನೆಗಳೂ ಇಲ್ಲಿ ಮೊದಲು ಕೇಳುವುದು ಒಬ್ಬರು ಎಷ್ಟು ವಾಹನ ನೋಡಿಕೊಳ್ಳಬಲ್ಲರು ಎಂದು. ಆ ಸಂಖ್ಯೆಯನ್ನು ಸಾಮಾನ್ಯ ದಿನದ ಸರಾಸರಿಯಿಂದ ನಿಗದಿ ಮಾಡುವುದು ತಪ್ಪು ಎಂಬುದು ನನ್ನ ವಾದ. ವಾಹನಗಳೆಲ್ಲ ಒಟ್ಟಿಗೇ ಮನುಷ್ಯನನ್ನು ಕರೆಯುವ ಗಳಿಗೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಆ ಗಳಿಗೆಯಲ್ಲಿ ಯಂತ್ರದ ಯೋಜನೆಯನ್ನು ಅರ್ಥಮಾಡಿಕೊಂಡು 'ಬೇಡ' ಎನ್ನುವಷ್ಟು ಸಮಯ ಅವನಿಗೆ ಸಿಗದಿದ್ದರೆ, ಅವನನ್ನು ಮೇಲ್ವಿಚಾರಕ ಎಂದು ಕರೆಯಲು ಬರುವುದಿಲ್ಲ.

ಈ ಸಂಖ್ಯೆಗೆ ಒಂದು ಸರಳ ಸೂತ್ರವಿದೆ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಡಾನ್ ಓಲ್ಸನ್ ಮತ್ತು ಮೈಕೆಲ್ ಗುಡ್‌ರಿಚ್ 2003ರ ಹೊತ್ತಿಗೆ ಅದನ್ನು ರೂಪಿಸಿದರು. ಒಂದು ರೋಬಾಟನ್ನು ಎಷ್ಟು ಹೊತ್ತು ಅದರ ಪಾಡಿಗೆ ಬಿಡಬಹುದು, ಮತ್ತೆ ಗಮನ ಕೊಟ್ಟಾಗ ಅದಕ್ಕೆ ಎಷ್ಟು ಹೊತ್ತು ಬೇಕು, ಈ ಎರಡು ಗೊತ್ತಿದ್ದರೆ ಸಾಕು. ಒಂಬತ್ತು ನಿಮಿಷ ತಾನೇ ಓಡಿ ಒಂದು ನಿಮಿಷ ಮನುಷ್ಯನನ್ನು ಬೇಡುವ ವಾಹನವಾದರೆ, ಒಬ್ಬರು ಹತ್ತನ್ನು ಸರದಿಯಂತೆ ನೋಡಿಕೊಳ್ಳಬಹುದು. ಈ ಲೆಕ್ಕದಲ್ಲಿ ಬಿಟ್ಟುಹೋದದ್ದನ್ನು ತುಂಬಿದವರು ಮೇರಿ ಕಮಿಂಗ್ಸ್. ಅಮೆರಿಕದ ನೌಕಾಪಡೆಯಲ್ಲಿ ಯುದ್ಧವಿಮಾನ ಹಾರಿಸಿ, ಆಮೇಲೆ ಎಂಐಟಿಯಲ್ಲಿ ಮನುಷ್ಯ ಮತ್ತು ಸ್ವಯಂಚಾಲನೆಯ ಸಂಬಂಧ ಕುರಿತ ಪ್ರಯೋಗಾಲಯ ನಡೆಸಿದ ಸಂಶೋಧಕಿ ಆಕೆ. ವಾಹನಗಳು ಸರದಿಯಲ್ಲಿ ಕಾಯುವ ಹೊತ್ತನ್ನೂ, ಅವುಗಳತ್ತ ನೋಡಬೇಕಾಗಿದೆ ಎಂಬುದೇ ಮನುಷ್ಯನ ಅರಿವಿಗೆ ಬಾರದೆ ಕಳೆಯುವ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಬೇಕೆಂದು ಆಕೆ ತೋರಿಸಿದರು. ಎರಡನ್ನೂ ಸೇರಿಸಿದರೆ ಹತ್ತು ಎಂಬ ಉತ್ತರ ಬೇಗನೆ ಕುಗ್ಗುತ್ತದೆ. ಹಾರುತ್ತಿರುವಾಗಲೇ ಗುರಿ ಬದಲಿಸಬಹುದಾದ ಟೊಮಾಹಾಕ್ ಕ್ಷಿಪಣಿಗಳನ್ನು ಮುಂದಿಟ್ಟುಕೊಂಡು ಕಮಿಂಗ್ಸ್ ಮತ್ತು ಸ್ಟೆಫನಿ ಗರ್ಲೈನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಪರೇಟರುಗಳಿಗೆ 8, 12, 16 ಕ್ಷಿಪಣಿಗಳ ಹೊಣೆ ಕೊಡಲಾಗಿತ್ತು. 12ರವರೆಗೆ ಹೇಗೋ ನಿಭಾಯಿಸಿದವರು 16ಕ್ಕೆ ಬಂದಾಗ ಸ್ಪಷ್ಟವಾಗಿ ಸೋತರು. ಅವಧಿಯ ಸುಮಾರು ಶೇಕಡಾ 70ಕ್ಕಿಂತ ಹೆಚ್ಚು ಹೊತ್ತು ಕೈತುಂಬ ಕೆಲಸವಿದ್ದರೆ ಕೆಲಸದ ಗುಣ ಕುಸಿಯುತ್ತದೆ ಎಂಬುದು ಆ ಅಧ್ಯಯನದಿಂದ ಹೊರಬಿದ್ದ ಇನ್ನೊಂದು ಉಪಯುಕ್ತ ಗೆರೆ.

ಇಂಥ ಲೆಕ್ಕಗಳನ್ನು ನಾನು ಗೌರವಿಸುತ್ತೇನೆ. ಬರಿ ಊಹೆಯಲ್ಲಿದ್ದ ವಿಷಯವನ್ನು ಅವು ಅಳತೆಗೆ ತಂದವು. ಆದರೆ ಹೀಗೆ ಅಳೆದ ಸಂಖ್ಯೆಯನ್ನು ವ್ಯಾಪಾರಕ್ಕೆ ಎತ್ತಿಕೊಳ್ಳುವಾಗ ಒಂದು ಭಾವನೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ: ಒಂದು ವಾಹನದ ತೊಂದರೆಗೂ ಇನ್ನೊಂದರ ತೊಂದರೆಗೂ ಸಂಬಂಧವಿಲ್ಲ ಎಂಬ ಭಾವನೆ. ಹತ್ತು ಕಾರುಗಳಲ್ಲಿ ಒಂದರ ಟೈರು ಪಂಕ್ಚರ್ ಆಗುವುದಕ್ಕೆ ಇದು ಹೊಂದುತ್ತದೆ. ಕರೆಂಟು ಹೋದದ್ದಕ್ಕೆ ಹೊಂದುವುದಿಲ್ಲ. ಬಿರುಗಾಳಿ ಒಂದು ಡ್ರೋನನ್ನು ಮಾತ್ರ ಆರಿಸಿಕೊಂಡು ಬೀಸುವುದಿಲ್ಲ. ಜಿಪಿಎಸ್ ಸಂಕೇತಕ್ಕೆ ಯಾರಾದರೂ ಅಡ್ಡಿ ಮಾಡಿದರೆ ಆ ಪ್ರದೇಶದ ಎಲ್ಲ ವಾಹನಗಳೂ ಒಂದೇ ಸಲ ದಿಕ್ಕು ತಪ್ಪುತ್ತವೆ. ಮೊಬೈಲ್ ಜಾಲ ಬಿದ್ದರೂ ಅಷ್ಟೆ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಈ ವಾಹನಗಳಲ್ಲಿ ಇರುವುದು ಒಂದೇ ತಂತ್ರಾಂಶ. ಹತ್ತು ಮಂದಿ ಚಾಲಕರು ಹತ್ತು ಬಗೆಯಲ್ಲಿ ತಪ್ಪುತ್ತಾರೆ, ಹತ್ತು ಬಗೆಯಲ್ಲಿ ಸುಧಾರಿಸಿಕೊಳ್ಳುತ್ತಾರೆ. ಒಂದೇ ಪ್ಲ್ಯಾನರ್ ಹೊತ್ತ ಹತ್ತು ವಾಹನಗಳು ಒಂದೇ ಸಂದರ್ಭದಲ್ಲಿ ಒಂದೇ ರೀತಿ ತಬ್ಬಿಬ್ಬಾಗುತ್ತವೆ, ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತವೆ. ಸರಾಸರಿ ಈ ಜೋಡಣೆಯನ್ನು ಮರೆಮಾಚುತ್ತದೆ. ಇನ್ನು ಸರಾಸರಿಯೇ ಎಷ್ಟೋ ಸಲ ಹೊರಗಿನವರಿಗೆ ಕಾಣಿಸುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಓಡುತ್ತಿದ್ದ ಕ್ರೂಸ್ ಕಂಪನಿಯ ಕಾರುಗಳ ಹಿಂದೆ ಕಾರೊಂದಕ್ಕೆ ಸುಮಾರು ಒಂದೂವರೆ ಸಿಬ್ಬಂದಿ ಇದ್ದರೆಂದು ನ್ಯೂಯಾರ್ಕ್ ಟೈಮ್ಸ್ 2023ರ ನವೆಂಬರಿನಲ್ಲಿ ವರದಿ ಮಾಡುವವರೆಗೆ, ಚಾಲಕರಿಲ್ಲದ ಕಾರಿಗೆ ಅಷ್ಟು ಜನ ಬೇಕು ಎಂದು ಪ್ರಯಾಣಿಕರಲ್ಲಿ ಎಷ್ಟು ಮಂದಿ ಊಹಿಸಿದ್ದರು?

ಇದಕ್ಕೆ ಎದುರಾಗಿ ದೊಡ್ಡ ಸಂಖ್ಯೆಗಳನ್ನು ತೋರಿಸುವವರಿದ್ದಾರೆ. 2022ರ ಜನವರಿಯಲ್ಲಿ ದೆಹಲಿಯ ಬೀಟಿಂಗ್ ರಿಟ್ರೀಟ್ ಸಮಾರಂಭದ ಆಕಾಶದಲ್ಲಿ 1,000 ಡ್ರೋನುಗಳು ಚಿತ್ತಾರ ಬಿಡಿಸಿದವು. ಅದು ಸೊಗಸಾದ ಸಾಧನೆ. ಆದರೆ ಅಂಥ ಪ್ರದರ್ಶನಗಳಲ್ಲಿ ಪ್ರತಿ ಡ್ರೋನಿನ ದಾರಿಯೂ ಮೊದಲೇ ಬರೆದಿಟ್ಟದ್ದು. ಅಲ್ಲಿ ಹೊಸದಾಗಿ ತೀರ್ಮಾನಿಸಬೇಕಾದ್ದು ತೀರ ಕಡಿಮೆ, ಆದ್ದರಿಂದ ನಮ್ಮ ಪ್ರಶ್ನೆಗೆ ಆ ಸಂಖ್ಯೆ ಉತ್ತರವಾಗದು. ಹೆಚ್ಚು ಗಟ್ಟಿಯಾದ ಪುರಾವೆ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ 'ಆಫ್‌ಸೆಟ್' ಕಾರ್ಯಕ್ರಮದಿಂದ ಬಂದಿದೆ. ಪಟ್ಟಣದ ಕಟ್ಟಡಗಳ ನಡುವೆ 250ರವರೆಗೆ ಸಣ್ಣ ರೋಬಾಟುಗಳನ್ನು ಬಳಸುವುದು ಅದರ ಗುರಿಯಾಗಿತ್ತು. 2021ರ ನವೆಂಬರಿನಲ್ಲಿ ಫೋರ್ಟ್ ಕ್ಯಾಂಪ್‌ಬೆಲ್‌ನಲ್ಲಿ ನಡೆದ ಕೊನೆಯ ಪ್ರಯೋಗದಲ್ಲಿ ಒಬ್ಬನೇ ನಿರ್ದೇಶಕ ನೂರಕ್ಕೂ ಹೆಚ್ಚು ವಾಹನಗಳನ್ನು ನೋಡಿಕೊಂಡ. ಆತನ ಮೈಗೆ ಸಂವೇದಕಗಳನ್ನು ತೊಡಿಸಿ ಕೆಲಸದ ಹೊರೆಯನ್ನು ಅಳೆದ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದ ಜೂಲಿ ಆಡಮ್ಸ್ ಅವರ ತಂಡ, ಅದು ಮಿತಿ ಮೀರಿದ್ದು ಬಹಳ ಕಡಿಮೆ ಹೊತ್ತು ಎಂದು ಕಂಡುಕೊಂಡಿತು.

ಈ ಫಲಿತಾಂಶವನ್ನು ಪೂರ್ತಿ ಒಪ್ಪಿಕೊಂಡೇ ಅದು ಹೇಗೆ ಸಾಧ್ಯವಾಯಿತು ಎಂದು ನೋಡಬೇಕು. ಆ ನಿರ್ದೇಶಕ ವಾಹನಗಳನ್ನು ಒಂದೊಂದಾಗಿ ನಡೆಸಲಿಲ್ಲ. 'ಈ ಕಟ್ಟಡವನ್ನು ಸುತ್ತುವರಿಯಿರಿ', 'ಆ ಬೀದಿಯನ್ನು ನೋಡಿಬನ್ನಿ' ಎಂಬಂಥ ಆಜ್ಞೆ ಕೊಟ್ಟ, ಯಾವ ವಾಹನ ಹೋಗಬೇಕು, ಹೇಗೆ ಹೋಗಬೇಕು ಎಂಬುದನ್ನು ತಂತ್ರಾಂಶ ತೀರ್ಮಾನಿಸಿತು. ಒಂದೆರಡು ಸಣ್ಣ ಡ್ರೋನು ಗೋಡೆಗೆ ಬಡಿದು ಬಿದ್ದರೆ ಅಭ್ಯಾಸದ ಅಂಗಳದಲ್ಲಿ ನಷ್ಟ ಸಹಿಸುವಂಥದ್ದು. ಬಿಡಿ ವಾಹನದ ಆಗುಹೋಗಿನ ಅರಿವನ್ನು ಬಿಟ್ಟುಕೊಟ್ಟು ಗುಂಪಿನ ಮೇಲಿನ ಹತೋಟಿಯನ್ನು ಆತ ಪಡೆದ. ಒಳಗೆ ಪ್ರಯಾಣಿಕರಿರುವ ಕಾರಿನ ವಿಷಯದಲ್ಲಾಗಲಿ, ಆಯುಧ ಹೊತ್ತ ವಿಮಾನದ ವಿಷಯದಲ್ಲಾಗಲಿ ಈ ವಿನಿಮಯವನ್ನು ಯಾರೂ ಒಪ್ಪಬಾರದು. ಅಲ್ಲಿ ಪ್ರತಿ ವಾಹನಕ್ಕೂ ಒಬ್ಬ ಮನುಷ್ಯನ ಉತ್ತರದಾಯಿತ್ವ ಬೇಕು. 2021ರ ಸೇನಾ ದಿನದಂದು ದೆಹಲಿಯಲ್ಲಿ 75 ಡ್ರೋನುಗಳ ಗುಂಪು ಅಣಕು ದಾಳಿ ಮಾಡಿ ತೋರಿಸಿದಾಗ ಅದರ ಹಿಂದೆ ಬೆಂಗಳೂರಿನ ನ್ಯೂಸ್ಪೇಸ್ ಕಂಪನಿಯ ದುಡಿಮೆ ಇತ್ತು. ಈ ವಿದ್ಯೆ ನಮ್ಮ ಊರಿನಲ್ಲೇ ಬೆಳೆಯುತ್ತಿರುವುದರಿಂದ, ಅದರ ಸಂಖ್ಯೆಯ ಜೊತೆಗೆ ಅದರ ಹೊಣೆಗಾರಿಕೆಯ ವ್ಯವಸ್ಥೆಯನ್ನೂ ನಾವು ಕೇಳಿ ತಿಳಿಯಬೇಕಾಗಿದೆ.

ಮನುಷ್ಯ ಮತ್ತು ಪ್ಲ್ಯಾನರ್ ಕೂಡಿ ಚೆನ್ನಾಗಿ ದುಡಿದ ಉದಾಹರಣೆ ಇಲ್ಲವೆಂದಲ್ಲ. ನನಗೆ ತುಂಬ ಮೆಚ್ಚುಗೆಯಾದದ್ದು ಮಂಗಳ ಗ್ರಹದ್ದು. 2004ರ ಜನವರಿಯಲ್ಲಿ ನಾಸಾದ ಸ್ಪಿರಿಟ್ ಮತ್ತು ಆಪರ್ಚುನಿಟಿ ಎಂಬ ಎರಡು ರೋವರುಗಳು ಮೂರು ವಾರಗಳ ಅಂತರದಲ್ಲಿ ಅಲ್ಲಿ ಇಳಿದವು. ಪ್ರತಿದಿನ ವಿಜ್ಞಾನಿಗಳ ಬೇಡಿಕೆ ರೋವರಿನ ಶಕ್ತಿಯನ್ನು ಮೀರುತ್ತಿತ್ತು. ಒಬ್ಬರಿಗೆ ಬಂಡೆಯ ಚಿತ್ರ ಬೇಕು, ಇನ್ನೊಬ್ಬರಿಗೆ ಮಣ್ಣಿನ ಪರೀಕ್ಷೆ, ಮತ್ತೊಬ್ಬರಿಗೆ ಆಕಾಶದ ಅಳತೆ. ಬಿಸಿಲಿನಿಂದ ಬರುವ ವಿದ್ಯುತ್ತಿಗೆ ಮಿತಿ ಇದೆ, ಭೂಮಿಗೆ ಮಾಹಿತಿ ಕಳಿಸುವ ಹೊತ್ತಿಗೂ ಮಿತಿ ಇದೆ. ಒಂದು ಕೆಲಸ ಮುಗಿಯದೆ ಇನ್ನೊಂದು ಶುರುವಾಗಬಾರದು ಎಂಬ ಬಗೆಯ ನಿಯಮಗಳು ರಾಶಿ ರಾಶಿ. ಇವೆಲ್ಲವನ್ನೂ ಹೊಂದಿಸಿ ಮರುದಿನದ ಕಾರ್ಯಪಟ್ಟಿ ಕಟ್ಟಲು ನಾಸಾದ ಏಮ್ಸ್ ಕೇಂದ್ರ ಮತ್ತು ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಸೇರಿ 'ಮ್ಯಾಪ್‌ಜೆನ್' ಎಂಬ ಪ್ಲ್ಯಾನರನ್ನು ತಯಾರಿಸಿದ್ದವು. ಗುಂಡಿ ಒತ್ತಿದರೆ ಪೂರ್ತಿ ದಿನದ ಪಟ್ಟಿಯನ್ನು ತಾನೇ ಮಾಡಿಕೊಡುವ ಶಕ್ತಿ ಅದಕ್ಕಿತ್ತು. ಆದರೆ ಬಳಸುವವರಿಗೆ ಅದು ಹಿಡಿಸಲಿಲ್ಲ. ಒಮ್ಮೆಲೇ ಬಂದ ಪಟ್ಟಿಯಲ್ಲಿ ಈ ಕೆಲಸ ಇಲ್ಲೇ ಏಕೆ ಕೂತಿದೆ, ಆ ಕೆಲಸ ಏಕೆ ಬಿದ್ದುಹೋಯಿತು ಎಂಬುದು ತಿಳಿಯುತ್ತಿರಲಿಲ್ಲ. ಹಾಗಾಗಿ ಅವರು ಕೆಲಸಗಳನ್ನು ಒಂದೊಂದಾಗಿ ಸೇರಿಸುತ್ತ, ಪ್ರತಿ ಹೆಜ್ಜೆಯಲ್ಲೂ ಏನಾಯಿತೆಂದು ನೋಡುತ್ತ ಹೋದರು. ಒಂದು ಕೆಲಸವನ್ನು ಪರದೆಯ ಮೇಲೆ ಎಳೆದು ಬೇರೆ ಹೊತ್ತಿಗೆ ಸರಿಸಿದರೆ, ಉಳಿದವು ನಿಯಮ ಮುರಿಯದಂತೆ ತಾವಾಗಿ ಸರಿದುಕೊಳ್ಳುತ್ತಿದ್ದವು. ಮನುಷ್ಯರು ಹಾಕಿಕೊಟ್ಟ ಕ್ರಮವನ್ನು ಆದಷ್ಟೂ ಕೆಡಿಸದೆ ಬದಲಾವಣೆ ಮಾಡುವುದನ್ನು ಪ್ಲ್ಯಾನರಿಗೆ ಕಲಿಸಲಾಗಿತ್ತು. ಲೆಕ್ಕದ ದೃಷ್ಟಿಯಿಂದ ಇದು ಅತ್ಯುತ್ತಮ ಪಟ್ಟಿ ಆಗಿರಬೇಕೆಂದೇನೂ ಇಲ್ಲ. ಆದರೆ ಕಟ್ಟಿದವರಿಗೆ ಅದರ ಒಳಹೊರಗು ಗೊತ್ತಿತ್ತು, ಆದ್ದರಿಂದ ಅದಕ್ಕೆ ಸಹಿ ಹಾಕಲು ಧೈರ್ಯವಿತ್ತು. ಅವರ ಬಳಿ ಕೆಲವು ಗಂಟೆಗಳ ಸಮಯವಿತ್ತು ಎಂಬುದನ್ನೂ ಮರೆಯಬಾರದು. ಆ ಸಮಯ ಇಲ್ಲದಿದ್ದರೆ ಎಂಥ ಒಳ್ಳೆಯ ಪರದೆಯೂ ತಿಳಿವಳಿಕೆಯನ್ನು ತಂದುಕೊಡಲಾರದು.

ಮನುಷ್ಯ ಕೈಹಾಕಿದರೆ ಕೆಲಸ ಕೆಡುತ್ತದೆ, ಅವನನ್ನು ದೂರ ಇಡುವುದೇ ಲೇಸು ಎಂಬ ಆಕ್ಷೇಪಕ್ಕೆ ಪ್ರಯೋಗದ ಬೆಂಬಲವೂ ಇದೆ. ಕಮಿಂಗ್ಸ್ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ಆಪರೇಟರ್ ಬೇರೆ ಬೇರೆ ಬಗೆಯ ಹಲವು ಮಾನವರಹಿತ ವಾಹನಗಳಿಂದ ಹುಡುಕಾಟ ನಡೆಸಬೇಕಿತ್ತು. ವಾಹನಗಳು ತಮ್ಮತಮ್ಮಲ್ಲೇ ಕೆಲಸ ಹಂಚಿಕೊಳ್ಳುತ್ತಿದ್ದವು, ಪ್ಲ್ಯಾನರ್ ಆಗಾಗ 'ಹೊಸ ಯೋಜನೆ ಇದೆ, ನೋಡುತ್ತೀರಾ' ಎಂದು ಕೇಳುತ್ತಿತ್ತು. ಆ ಕರೆಗಳನ್ನು ಕಡೆಗಣಿಸಿ ತಮಗೆ ತೋಚಿದಾಗಲೆಲ್ಲ ಮತ್ತೆ ಮತ್ತೆ ಹೊಸ ಯೋಜನೆ ಹೇರಿದವರು ತಮ್ಮ ಹೊರೆಯನ್ನೂ ಹೆಚ್ಚಿಸಿಕೊಂಡರು, ಇಡೀ ಗುಂಪಿನ ಫಲವನ್ನೂ ತಗ್ಗಿಸಿದರು. ಪ್ಲ್ಯಾನರಿನ ಲಯಕ್ಕೆ ಹೊಂದಿಕೊಂಡವರು ಗೆದ್ದರು. ನಾನು ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಅಧ್ಯಯನದ ಇನ್ನೊಂದು ಮುಖವನ್ನೂ ಓದಬೇಕು. ಪ್ಲ್ಯಾನರ್ ತೀರ ಬೇಗಬೇಗ ಕರೆದಾಗಲೂ ಮನುಷ್ಯನ ಹೊರೆ ಏರಿ ಒಟ್ಟು ಫಲ ಕುಸಿಯಿತು. ಹಾಗಾಗಿ ಈ ಪ್ರಯೋಗದಲ್ಲಿ ಸೋತದ್ದು ಮನುಷ್ಯನ ಅಧಿಕಾರ ಎಂದು ಹೇಳಲು ಬರುವುದಿಲ್ಲ. ಯಾವಾಗ ಕರೆಯಬೇಕು, ಯಾವಾಗ ಸುಮ್ಮನೆ ಬಿಡಬೇಕು ಎಂಬ ಹೊತ್ತಿನ ಹೊಂದಾಣಿಕೆ ತಪ್ಪಿದಾಗ ಎರಡೂ ಕಡೆಯವರು ಸೋತರು.

ಇಂದಿನ ಮಿತಿಗಳು ನಾಳೆ ಇರುವುದಿಲ್ಲ, ಯಂತ್ರ ಜಾಣವಾದಂತೆ ಕರೆಗಳೇ ಅಪರೂಪವಾಗುತ್ತವೆ ಎನ್ನುವವರೂ ಇದ್ದಾರೆ. ಕರೆಗಳು ಅಪರೂಪವಾಗುವುದು ನಿಜ. ಆದರೆ ಉಳಿಯುವ ಕರೆಗಳು ಯಾವುವು? ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ 1983ರಲ್ಲೇ ಇದನ್ನು ಎತ್ತಿ ತೋರಿಸಿದ್ದರು. ಸುಲಭದ ಕೆಲಸಗಳನ್ನೆಲ್ಲ ಯಂತ್ರಕ್ಕೆ ಕೊಟ್ಟಮೇಲೆ ಯಂತ್ರಕ್ಕೆ ಆಗದ ಕಷ್ಟದ ಕೆಲಸ ಮಾತ್ರ ಮನುಷ್ಯನ ಪಾಲಿಗೆ ಉಳಿಯುತ್ತದೆ, ಅಷ್ಟರಲ್ಲಿ ದಿನನಿತ್ಯದ ಅಭ್ಯಾಸ ತಪ್ಪಿ ಅವನ ಕೈಚಳಕವೂ ಮಂಕಾಗಿರುತ್ತದೆ. ಸುಮ್ಮನೆ ನೋಡುತ್ತ ಕೂರುವುದೂ ಸಲೀಸಲ್ಲ. ಎರಡನೇ ಮಹಾಯುದ್ಧದ ರಾಡಾರ್ ಕಾವಲುಗಾರರ ಸಮಸ್ಯೆಯಿಂದ ಹೊರಟ ನಾರ್ಮನ್ ಮ್ಯಾಕ್‌ವರ್ತ್, ಅರ್ಧ ಗಂಟೆಯೊಳಗೇ ಮನುಷ್ಯನ ಎಚ್ಚರ ಜಾರುತ್ತದೆಂದು 1948ರಲ್ಲಿ ತೋರಿಸಿದ್ದರು. ಕಮಿಂಗ್ಸ್ ಅವರ ಪ್ರಯೋಗಾಲಯ ನಾಲ್ಕು ಗಂಟೆಗಳ ಅಣಕು ಪಾಳಿ ನಡೆಸಿ, ಹೆಚ್ಚು ಕೆಲಸವಿಲ್ಲದ ಆಪರೇಟರುಗಳು ಸುಮಾರು ಅರ್ಧ ಹೊತ್ತು ಬೇರೆ ಕಡೆ ಗಮನ ಹರಿಸಿದ್ದನ್ನು ದಾಖಲಿಸಿತು. ಇದು ಸೋಮಾರಿತನವಲ್ಲ, ಮನಸ್ಸು ಇರುವ ರೀತಿಯೇ ಹಾಗೆ. ವಾಹನ ಜಾಣವಾದಷ್ಟೂ ಕಂಪನಿ ಒಬ್ಬರ ಕೈಗೆ ಇನ್ನಷ್ಟು ವಾಹನ ಕೊಡುತ್ತದೆ. ಹಾಗಾಗಿ ಎಲ್ಲವೂ ಒಟ್ಟಿಗೆ ಕರೆಯುವ ದಿನ ಅಪರೂಪವಾದರೂ, ಬಂದಾಗ ಇನ್ನೂ ದೊಡ್ಡದಾಗಿ ಬರುತ್ತದೆ.

ಸಮಯವೂ ತಿಳಿವಳಿಕೆಯೂ ಇಲ್ಲದ ಮೇಲ್ವಿಚಾರಣೆಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ 2003ರ ಇರಾಕ್ ಯುದ್ಧ ಸಾಕ್ಷಿ. ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಮಾರ್ಚಿನಲ್ಲಿ ಬ್ರಿಟನ್ನಿನ ಟೊರ್ನೇಡೊ ವಿಮಾನವನ್ನು ಹೊಡೆದುರುಳಿಸಿ ಇಬ್ಬರು ಸತ್ತರು. ಏಪ್ರಿಲ್ 2ರಂದು ಅಮೆರಿಕದ್ದೇ ನೌಕಾಪಡೆಯ ಯುದ್ಧವಿಮಾನವೂ ಹಾಗೆಯೇ ಬಿತ್ತು, ಅದರ ಪೈಲಟ್ ಸತ್ತರು. ಎರಡು ವರ್ಷಗಳ ನಂತರ ರಕ್ಷಣಾ ಇಲಾಖೆಯ ಸಲಹಾ ಮಂಡಳಿ, ಆ ವ್ಯವಸ್ಥೆ ಬಹುಮಟ್ಟಿಗೆ ಸ್ವಯಂಚಾಲಿತವಾಗಿತ್ತು, ತಂತ್ರಾಂಶವನ್ನು ನಂಬುವಂತೆಯೇ ಸಿಬ್ಬಂದಿಗೆ ತರಬೇತಿ ಕೊಡಲಾಗಿತ್ತು ಎಂದು ಹೇಳಿತು. ಕುರ್ಚಿಯಲ್ಲಿ ಮನುಷ್ಯ ಇದ್ದ. ತಡೆಯುವ ಅಧಿಕಾರವೂ ಕಾಗದದ ಮೇಲಿತ್ತು. ಇದಕ್ಕೆ ಹೋಲಿಸಿದರೆ 2023ರ ಆಗಸ್ಟ್ 23ರಂದು ಬೆಂಗಳೂರಿನ ಇಸ್ಟ್ರಾಕ್ ಕೇಂದ್ರದಿಂದ ನಡೆದ ಚಂದ್ರಯಾನ-3ರ ಇಳಿಯುವಿಕೆ ಹೆಚ್ಚು ಪ್ರಾಮಾಣಿಕವಾದ ಏರ್ಪಾಡು. ಕೊನೆಯ ಹಂತ ಪೂರ್ತಿ ಸ್ವಯಂಚಾಲಿತ, ಎಂಜಿನಿಯರುಗಳು ನೋಡುತ್ತ ಕುಳಿತಿದ್ದರು, ಅದನ್ನು ಯಾರೂ ನಿಯಂತ್ರಣವೆಂದು ಕರೆಯಲಿಲ್ಲ. ಮನುಷ್ಯರ ತೀರ್ಮಾನ ಅದಕ್ಕೆ ಮೊದಲೇ ಆಗಿತ್ತು. ಸ್ಥಿತಿ ಸರಿಯಿಲ್ಲವೆಂದು ಕಂಡರೆ ಆಗಸ್ಟ್ 27ಕ್ಕೆ ಮುಂದೂಡುವ ದಾರಿಯನ್ನು ಇಟ್ಟುಕೊಂಡೇ ಅವರು ಇಳಿಯಲು ಒಪ್ಪಿಗೆ ಕೊಟ್ಟಿದ್ದರು.

ಇನ್ನು ಖರ್ಚಿನ ಮಾತು. ವರ್ಷಕ್ಕೊಮ್ಮೆ ಬರುವ ಕೆಟ್ಟ ದಿನಕ್ಕಾಗಿ ಜನರನ್ನು ಇಟ್ಟುಕೊಂಡರೆ ಈ ವ್ಯವಹಾರ ಗಿಟ್ಟುವುದೇ? ಬೆಂಗಳೂರಿನಲ್ಲೇ ಇರುವ ದಕ್ಷಿಣ ಪ್ರಾದೇಶಿಕ ವಿದ್ಯುತ್ ಹೊರೆ ರವಾನೆ ಕೇಂದ್ರದವರನ್ನು ಕೇಳಿದರೆ ಈ ಪ್ರಶ್ನೆ ಹೊಸದೇನೂ ಅಲ್ಲ ಎಂದಾರು. ದೊಡ್ಡ ಉತ್ಪಾದನಾ ಘಟಕವೊಂದು ಇದ್ದಕ್ಕಿದ್ದಂತೆ ನಿಂತರೂ ಗ್ರಿಡ್ ಬೀಳದಂತೆ ಮೀಸಲು ಸಾಮರ್ಥ್ಯ ಇಟ್ಟುಕೊಳ್ಳುವುದು ವಿದ್ಯುತ್ ಜಾಲ ನಡೆಸುವವರ ಮೂಲಪಾಠ. ಸರಾಸರಿ ಬೇಡಿಕೆಗೆ ಸರಿಯಾಗಿ ಯಾರೂ ಗ್ರಿಡ್ ಕಟ್ಟುವುದಿಲ್ಲ, ಆ ಮೀಸಲನ್ನು ದಂಡವೆಂದೂ ಬಗೆಯುವುದಿಲ್ಲ. ಮನುಷ್ಯನ ಗಮನವೂ ಇಂಥದ್ದೇ ಸಾಮರ್ಥ್ಯ, ಅದಕ್ಕೂ ಮೀಸಲು ಬೇಕು. ಪಾಳಿಯಲ್ಲಿ ಶೇಕಡಾ 70ರ ಗೆರೆಯೊಳಗೆ ಕೆಲಸ ಕೊಟ್ಟು, ಪಕ್ಕದ ಕೆಲಸದಲ್ಲಿರುವವರನ್ನು ಬೇಕೆಂದಾಗ ಕರೆಸಿಕೊಳ್ಳುವ ತರಬೇತಿ ಇಟ್ಟರೆ ಬೇಸರವೂ ಕಡಿಮೆಯಾದೀತು, ಮೀಸಲೂ ಸಿಕ್ಕೀತು. ಇಷ್ಟು ಖರ್ಚನ್ನೂ ಹೊರಲಾರದ ಸೇವೆ, ತನ್ನ ಉಳಿತಾಯದ ಬೆಲೆಯನ್ನು ರಸ್ತೆಯಲ್ಲಿರುವ ಬೇರೆಯವರ ಮೇಲೆ ಹಾಕುತ್ತಿದೆ.

ಕೊನೆಯದಾಗಿ, ಮನುಷ್ಯ ಉತ್ತರ ಕೊಡದೇ ಹೋದರೆ ಏನಾಗಬೇಕು ಎಂಬ ಪ್ರಶ್ನೆ. ಎಂಐಟಿಯ ಥಾಮಸ್ ಶೆರಿಡನ್ ಮತ್ತು ವಿಲಿಯಂ ವರ್‌ಪ್ಲ್ಯಾಂಕ್ 1978ರಲ್ಲಿ, ಕಡಲಾಳದ ಯಂತ್ರಗಳ ಕುರಿತ ವರದಿಯಲ್ಲಿ, ಸ್ವಯಂಚಾಲನೆಯ ಹತ್ತು ಮೆಟ್ಟಿಲುಗಳನ್ನು ಗುರುತಿಸಿದ್ದರು. ನಡುವಿನ ಎರಡು ಮೆಟ್ಟಿಲುಗಳ ಅಂತರ ಅತ್ಯಂತ ಮುಖ್ಯವೆಂದು ನನಗೆ ತೋರುತ್ತದೆ. ಒಂದರಲ್ಲಿ ಮನುಷ್ಯ ಒಪ್ಪಿದರೆ ಮಾತ್ರ ಯಂತ್ರ ಮುಂದುವರಿಯುತ್ತದೆ. ಅದರ ಮುಂದಿನದರಲ್ಲಿ, ಗೊತ್ತಾದ ಸಮಯದೊಳಗೆ ಅವನು ತಡೆಯದಿದ್ದರೆ ಮುಂದುವರಿಯುತ್ತದೆ. ಮೊದಲನೆಯದರಲ್ಲಿ ಅವನ ಮೌನ ನಿರಾಕರಣೆ, ಎರಡನೆಯದರಲ್ಲಿ ಒಪ್ಪಿಗೆ. ಕರೆಗಳು ಒಟ್ಟಿಗೆ ಬಂದ ಗಳಿಗೆಯಲ್ಲೇ ಮೌನ ಹೆಚ್ಚಾಗುವುದರಿಂದ, ಈ ಆಯ್ಕೆಯನ್ನು ಯಂತ್ರ ತಯಾರಿಸುವವರ ಅನುಕೂಲಕ್ಕೆ ಬಿಡಬಾರದು. ಭಾರತ 2021ರ ಡ್ರೋನ್ ನಿಯಮಗಳ ಮೂಲಕ ಈ ಉದ್ಯಮಕ್ಕೆ ದಾರಿ ತೆರೆದಿದೆ. ಒಬ್ಬ ಪೈಲಟ್ ಹಲವು ಡ್ರೋನು ನೋಡಿಕೊಳ್ಳುವ ಸೇವೆಗಳಿಗೆ ಪರವಾನಗಿ ಕೇಳಿ ಬರುವ ಕಂಪನಿ, ತನ್ನ ಎಲ್ಲ ಡ್ರೋನುಗಳ ಸಂಪರ್ಕವನ್ನೂ ಒಂದೇ ಕ್ಷಣದಲ್ಲಿ ಕೆಡಿಸಿ ನೋಡುವ ಪರೀಕ್ಷೆಯನ್ನು ಅಧಿಕಾರಿಗಳ ಕಣ್ಣೆದುರು ಪಾಸು ಮಾಡಬೇಕು. ಆಗ ಔಷಧದ ಡ್ರೋನು ಯಾರ ಉತ್ತರಕ್ಕೂ ಕಾಯದೆ, ಮೊದಲೇ ಗುರುತಿಸಿದ ಖಾಲಿ ಬಯಲಲ್ಲಿ ಇಳಿಯಬೇಕು. ಚಾಲಕರಿಲ್ಲದ ಕಾರು ಕೂಡುರಸ್ತೆಯ ನಡುವೆ ನಿಲ್ಲದೆ ಬದಿಗೆ ಸರಿಯಬೇಕು. ಆಯುಧ ಹೊತ್ತ ವಾಹನವಾದರೆ, ಒಬ್ಬ ಮನುಷ್ಯ ಅದೇ ವಾಹನದ ಅದೇ ಗುರಿಯನ್ನು ನೋಡಿ ಬಾಯಿಬಿಟ್ಟು ಒಪ್ಪದ ಹೊರತು ಏನನ್ನೂ ಮಾಡದೆ ಹಿಂದಿರುಗಬೇಕು.